ಗಡಿಯಾರ ಸುರಿಸುವ ಮಳೆ

ಡೆನ್ವರ್ ನಗರದ ಹೊರವಲಯ. ಜುಲೈ ತಿಂಗಳ ಬೆಳಗಿನ ಜಾವ ನಾಲ್ಕೂವರೆ. ಬೀದಿದೀಪದ ಬೆಳಕಿನಲ್ಲಿ ಮನೆಗಳ ಮುಂದಿನ ಹುಲ್ಲು ಕಪ್ಪಗೆ ಕಾಣುತ್ತದೆ. ನಾಯಿಯೂ ಬೊಗಳದ ಹೊತ್ತು. ಗ್ಯಾರೇಜಿನ ಗೋಡೆಗೆ ಬಿಗಿದ ಪುಟ್ಟ ಪೆಟ್ಟಿಗೆಯಲ್ಲಿ ಅಂಕಿಯೊಂದು ಬದಲಾಗುತ್ತದೆ. ಹುಲ್ಲಿನಡಿಯಲ್ಲಿ ಎಲ್ಲೋ ‘ಟಕ್’ ಎಂದ ಸದ್ದು. ಮರುಗಳಿಗೆಯಲ್ಲೇ ನೆಲದೊಳಗಿನ ಗಾಳಿ ಬುಸುಗುಟ್ಟುತ್ತಾ ಹೊರಬಿದ್ದು, ನಾಲ್ಕಿಂಚಿನ ಕರಿ ಕೊಳವೆಗಳು ಸಾಲಾಗಿ ತಲೆಯೆತ್ತುತ್ತವೆ. ಮೊದಲು ಕೆಮ್ಮಿದಂತೆ ಒಂದೆರಡು ಹನಿ, ಆಮೇಲೆ ಬೀಸಣಿಗೆಯಾಗಿ ಬಿಚ್ಚಿಕೊಳ್ಳುವ ನೀರು. ಹತ್ತು ನಿಮಿಷ ಕಳೆಯಿತೋ, ಅಷ್ಟೂ ಕೊಳವೆಗಳು ಒಟ್ಟಿಗೆ ನೆಲಕ್ಕಿಳಿದು ಮಾಯ. ಈಗ ಮನೆಯ ಪಕ್ಕದ ಪಾಳಿ, ಅದಾದ ಮೇಲೆ ಹಿತ್ತಲಿನದು. ಮನೆಯವರಿಗೆ ಇನ್ನೂ ಒಂದು ನಿದ್ದೆ ಬಾಕಿ ಇದೆ.

ಈ ಹಸಿರು ಇಲ್ಲಿ ತಾನಾಗಿ ಹುಟ್ಟಿದ್ದಲ್ಲ. ಡೆನ್ವರ್‌ನಲ್ಲಿ ಮಳೆ, ಹಿಮ ಎಲ್ಲ ಸೇರಿಸಿದರೂ ವರ್ಷಕ್ಕೆ 15 ಇಂಚಿನ ಆಸುಪಾಸು. ಬರಕ್ಕೆ ಹೆಸರಾದ ನಮ್ಮ ಚಳ್ಳಕೆರೆಯಲ್ಲೂ ಅದಕ್ಕಿಂತ ಹೆಚ್ಚು ಬೀಳುತ್ತದೆ. ಮನೆಗಳ ಮುಂದಿರುವುದು ಮಾತ್ರ ಕೆಂಟಕಿ ಬ್ಲೂಗ್ರಾಸ್. ತಂಪು ಹವೆಯ, ನೀರು ಬೇಡುವ ಹುಲ್ಲು. ಊರಿಗೆ ಬರುವ ನೀರಿನ ಹತ್ತಿರಹತ್ತಿರ ಅರ್ಧ ಭಾಗ ರಾಕಿ ಪರ್ವತದ ಆಚೆ ಬದಿಯಲ್ಲಿ ಕರಗಿದ ಹಿಮ. ಬೆಟ್ಟದಡಿ ಕೊರೆದ ಸುರಂಗಗಳಲ್ಲಿ ಅದು ಈ ಕಡೆ ಬರುತ್ತದೆ. ಅವುಗಳಲ್ಲೊಂದಾದ ರಾಬರ್ಟ್ಸ್ ಸುರಂಗದ ಉದ್ದವೇ 23 ಮೈಲಿ. ಅಷ್ಟು ದೂರದಿಂದ ಬಂದ, ಶುದ್ಧಿ ಮಾಡಿದ ಕುಡಿಯುವ ನೀರು ಬೇಸಿಗೆಯಲ್ಲಿ ಹುಲ್ಲಿನ ಬುಡ ಸೇರುತ್ತದೆ. ಸಾವಿರ ಚದರಡಿ ಹುಲ್ಲಿಗೆ ಒಂದಿಂಚು ನೀರುಣಿಸಲು 2,360 ಲೀಟರ್ ಬೇಕು. ಮೂರು ಸಾವಿರ ಚದರಡಿಯ ಅಂಗಳವಾದರೆ ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ ಆರು ಸಾವಿರ ಲೀಟರಿನ ಟ್ಯಾಂಕರ್ ಪೂರ್ತಿ ಖಾಲಿಯಾದರೂ ಸಾಲದು.

ಬೆಳಕು ಹರಿದ ಮೇಲೆ ನೀರಿನ ದಾರಿ ಹಿಡಿದು ನಡೆದರೆ ಇದರ ಒಳಗುಟ್ಟು ತಿಳಿಯುತ್ತದೆ. ಮನೆಯ ಹೊರಗೋಡೆಯ ಬಳಿ, ನೆಲದಿಂದ ಮೇಲಕ್ಕೆ ಎದ್ದು ಮತ್ತೆ ನೆಲಕ್ಕಿಳಿಯುವ ತಾಮ್ರದ ಕೊಳವೆ. ಅದರ ನೆತ್ತಿಯಲ್ಲಿ ಹಿತ್ತಾಳೆಯ ಟೋಪಿಯಂಥ ಕವಾಟ. ಅಂಗಳದ ನೀರು ಹಿಂದಕ್ಕೆ ಹರಿಯದಂತೆ ತಡೆಯುವುದು ಅದರ ಕೆಲಸ. ಬೀದಿಯ ಮುಖ್ಯ ಕೊಳವೆ ಒಡೆದು ಒತ್ತಡ ಕುಸಿದರೆ, ಹುಲ್ಲಿಗೆ ಹಾಕಿದ ಗೊಬ್ಬರ, ಕಳೆನಾಶಕ, ನಾಯಿಯ ಗಲೀಜು ಎಲ್ಲವೂ ಕುಡಿಯುವ ನೀರಿನೊಳಕ್ಕೆ ನುಗ್ಗಬಹುದು. ಹಾಗಾಗಿಯೇ ಈ ಕವಾಟ ಅಂಗಳದ ಅತಿ ಎತ್ತರದ ಸ್ಪ್ರಿಂಕ್ಲರ್‌ಗಿಂತ ಒಂದಡಿಯಾದರೂ ಮೇಲಿರಬೇಕು.

ಅಲ್ಲಿಂದ ಮುಂದೆ ಹುಲ್ಲಿನ ನಡುವೆ ಒಂದು ಹಸಿರು ಪ್ಲಾಸ್ಟಿಕ್ ಮುಚ್ಚಳ. ತೆಗೆದರೆ ಗಪ್ಪನೆ ಮಣ್ಣಿನ ವಾಸನೆ, ಮೂಲೆಯಲ್ಲಿ ಜೇಡರಬಲೆ, ಕೆಸರಿನಲ್ಲಿ ಅರ್ಧ ಹೂತ ನಾಲ್ಕೈದು ಕರಿ ವಾಲ್ವುಗಳು. ಪ್ರತಿಯೊಂದರ ತಲೆಯ ಮೇಲೂ ಹೆಬ್ಬೆರಳುದ್ದದ ಸೊಲೆನಾಯ್ಡ್ ಸುರುಳಿ, ಅದರಿಂದ ಹೊರಟ ಎರಡು ತಂತಿ. ಗ್ಯಾರೇಜಿನ ಟೈಮರ್ ಪೆಟ್ಟಿಗೆಯಿಂದ 24 ವೋಲ್ಟ್ ವಿದ್ಯುತ್ ಬಂದಾಗ ಸುರುಳಿಯೊಳಗಿನ ಸಣ್ಣ ಲೋಹದ ಕಡ್ಡಿ ಮೇಲಕ್ಕೆ ಜಿಗಿಯುತ್ತದೆ. ನಸುಕಿನಲ್ಲಿ ಕೇಳಿಸಿದ ‘ಟಕ್’ ಅದೇ. ಅದು ಜಿಗಿದೊಡನೆ ರಬ್ಬರ್ ಪೊರೆಯ ಮೇಲಿನ ಒತ್ತಡ ಇಳಿದು ನೀರಿಗೆ ದಾರಿಯಾಗುತ್ತದೆ. ಆ ಪೊರೆಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಸಾಕು, ವಾಲ್ವು ಪೂರ್ತಿ ಮುಚ್ಚದೆ ತಗ್ಗಿನ ಸ್ಪ್ರಿಂಕ್ಲರ್ ಹಗಲಿರುಳು ಜಿನುಗುತ್ತಿರುತ್ತದೆ. ಕಾಲುದಾರಿಯ ಅಂಚಿನಲ್ಲಿ ಪಾಚಿ ಕಟ್ಟಿದೆಯೆಂದರೆ ಮೊದಲು ನೋಡಬೇಕಾದ್ದು ಈ ಗುಂಡಿಯೊಳಗೆ.

ಅಂಗಳವನ್ನು ವಾಲ್ವಿಗೊಂದು ಪಾಳಿಯಂತೆ ಭಾಗ ಮಾಡುವುದಕ್ಕೂ ಲೆಕ್ಕವಿದೆ. ಕದಲದೆ ನಿಂತು ಎರಚುವ ಸ್ಪ್ರೇ ತಲೆಗಳು ಗಂಟೆಗೆ ಸುಮಾರು ಒಂದೂವರೆ ಇಂಚು ನೀರು ಸುರಿಸುತ್ತವೆ. ನಿಧಾನವಾಗಿ ತಿರುಗುವ ರೋಟರ್‌ಗಳು ಅದರ ಮೂರನೇ ಒಂದು ಭಾಗ. ಎರಡನ್ನೂ ಒಂದೇ ವಾಲ್ವಿಗೆ ಕೊಟ್ಟರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ಒಣಗಿದ ಹುಲ್ಲು.

ರೋಟರ್‌ಗಿಂತ ಹಿಂದಿನದು ಕುಟ್ಟುತ್ತಾ ತಿರುಗುವ ಹಿತ್ತಾಳೆಯ ಸ್ಪ್ರಿಂಕ್ಲರ್. 1933ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೋರಾದಲ್ಲಿ ಆರ್ಟನ್ ಎಂಗಲ್‌ಹಾರ್ಟ್ ಎಂಬ ಕಿತ್ತಳೆ–ನಿಂಬೆ ಬೆಳೆಗಾರ ಅದನ್ನು ರೂಪಿಸಿದ. ರೇನ್ ಬರ್ಡ್ ಕಂಪನಿ ಹುಟ್ಟಿದ್ದು ಅದರಿಂದಲೇ. ಫೆಬ್ರುವರಿ–ಮಾರ್ಚಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹೂವಿಗೆಂದು ನೀರು ಹಾರಿಸುವಾಗ ಕೇಳುವ ‘ಚಿಕ್ ಚಿಕ್ ಚಿಕ್’ ಸದ್ದೂ ಅದೇ ಜಾತಿಯದು. ಈ ಬಡಾವಣೆಯ ಕನ್ನಡದ ಮನೆಯೊಂದಕ್ಕೆ ಊರಿನಿಂದ ಬಂದಿರುವ ಹಿರಿಯರಿಗೆ ಸ್ಪ್ರಿಂಕ್ಲರ್ ಹೊಸದೇನಲ್ಲ. ತೋಟದಲ್ಲಿ ಅಲ್ಯೂಮಿನಿಯಂ ಪೈಪು ಹೊರಿಸಿ, ಎಂಜಿನ್ ಪಕ್ಕದಲ್ಲೇ ರಾತ್ರಿ ಕಳೆದವರು. ಅವರಿಗೆ ಬಗೆಹರಿಯದ್ದು ಯಾರೂ ಪಕ್ಕದಲ್ಲಿ ನಿಲ್ಲದೆ ಓಡುವ ಈ ಏರ್ಪಾಡು. ಹಿಂದಿನ ಸಂಜೆ ಗುಡುಗು ಸಹಿತ ಮಳೆ ಹೊಡೆದಿದೆ. ಬೆಳಿಗ್ಗೆ ನೋಡಿದರೆ ಒದ್ದೆ ಹುಲ್ಲಿನ ಮೇಲೆ ಮತ್ತೆ ನೀರು.

“ಲೋ, ಅಂಗಳ ಎಲ್ಲ ಕೆರೆ ಆಗಿದೆ, ಇನ್ನೂ ನೀರು ಬಿಡ್ತಾ ಇದೀಯಲ್ಲೋ!”

“ನಾನೆಲ್ಲಿ ಬಿಟ್ಟೆ ಅಪ್ಪ, ಟೈಮರ್ ಬಿಟ್ಟಿದ್ದು.”

“ಟೈಮರ್‌ಗೆ ಕಣ್ಣಿಲ್ಲ. ನಿನಗೂ ಇಲ್ವೇನೋ?”

ಕಣ್ಣು ಇತ್ತು, ಮುಚ್ಚಿಹೋಗಿತ್ತು. ಸೂರಿನ ಅಂಚಿಗೆ ಬಿಗಿದಿದ್ದ ಮಳೆ ಸೆನ್ಸರ್‌ನೊಳಗೆ ಬಿಲ್ಲೆಗಳಿರುತ್ತವೆ. ಮಳೆಗೆ ನೆನೆದು ಅವು ಉಬ್ಬಿದಾಗ ವಿದ್ಯುತ್ ಸಂಪರ್ಕ ಕಡಿದು ವಾಲ್ವುಗಳು ತೆರೆಯುವುದಿಲ್ಲ. ವರ್ಷಗಳ ಬಿಸಿಲಿಗೆ ಆ ಬಿಲ್ಲೆಗಳು ಸೊರಗಿ, ಉಬ್ಬುವುದನ್ನೇ ಬಿಟ್ಟಿದ್ದವು.

ಅಂದೇ ಹಗಲಿನಲ್ಲಿ ಪರೀಕ್ಷೆ ಶುರು. ಮಗ ಪೆಟ್ಟಿಗೆಯ ಬಳಿ ನಿಂತು ಒಂದೊಂದೇ ಪಾಳಿಯನ್ನು ಎರಡೆರಡು ನಿಮಿಷ ಓಡಿಸುತ್ತಾನೆ. ತಂದೆ ಪಂಚೆ ಎತ್ತಿ ಕಟ್ಟಿ ಅಂಗಳ ಸುತ್ತುತ್ತಾರೆ. ಒಂದು ತಲೆ ಹುಲ್ಲಿನಲ್ಲಿ ಹೂತುಹೋಗಿ ಮೇಲೇಳುತ್ತಲೇ ಇಲ್ಲ. ಇನ್ನೊಂದು ವಾಲಿಕೊಂಡು ರಸ್ತೆ ತೊಳೆಯುತ್ತಿದೆ. ಮತ್ತೊಂದರ ಕುತ್ತಿಗೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಮುರಿದು, ನೀರು ಆಳೆತ್ತರಕ್ಕೆ ಚಿಮ್ಮುತ್ತಿದೆ. ಅದರಿಂದಾಗಿ ಆ ಸಾಲಿನ ಉಳಿದವುಗಳಿಗೆ ಒತ್ತಡವೇ ಇಲ್ಲ. ಬೇಲಿಯ ಬದಿಯದ್ದರಿಂದ ಬರುತ್ತಿರುವುದು ನೂಲಿನಂಥ ಎರಡು ಎಳೆ. ಹಿರಿಯರು ಅದರ ಕೊಳವೆಯನ್ನು ಎರಡು ಬೆರಳಲ್ಲಿ ಮೇಲಕ್ಕೆಳೆದು ಹಿಡಿದು, ನಾಝಲ್ ತಿರುಗಿಸಿ ಬಿಚ್ಚುತ್ತಾರೆ. ಕೆಳಗೆ ಬುಟ್ಟಿಯಾಕಾರದ ಪುಟ್ಟ ಜಾಲರಿ; ಒಳಗೆಲ್ಲ ಮರಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಕೆಟ್ಟಿನಲ್ಲಿ ಜಾಲಿಸಿ ಮತ್ತೆ ಕೂರಿಸಿ, ನೆತ್ತಿಯ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತು ತಿರುಗಿಸಿದರೆ ನೀರು ಸರಿಯಾಗಿ ಬೇಲಿಯ ಬುಡಕ್ಕೆ ನಿಲ್ಲುತ್ತದೆ. ಇಷ್ಟಕ್ಕೂ ಖರ್ಚು ಸೊನ್ನೆ.

ನೀರು ಸಮನಾಗಿ ಬೀಳುತ್ತಿದೆಯೇ ಎಂದು ತಿಳಿಯಲು ಇಲ್ಲಿ ಖಾಲಿ ಮೀನಿನ ಡಬ್ಬಿಗಳನ್ನು ಅಲ್ಲಲ್ಲಿ ಇಡುತ್ತಾರೆ. ಕಾಲು ಗಂಟೆ ಓಡಿಸಿ, ಸ್ಕೇಲಿನಿಂದ ಅಳೆದರೆ ಯಾವ ಮೂಲೆಗೆ ಎಷ್ಟೆಂದು ತಿಳಿಯುತ್ತದೆ. ಈ ಊರಿನ ಜೇಡಿಮಣ್ಣು ನೀರನ್ನು ಬೇಗ ಕುಡಿಯುವುದೂ ಇಲ್ಲ. ಒಂದೇ ಸಮ ಹದಿನೈದು ನಿಮಿಷ ಸುರಿದರೆ ಅರ್ಧ ಮೋರಿಗೆ ಹರಿಯುತ್ತದೆ. ಐದೈದು ನಿಮಿಷದಂತೆ ಮೂರು ಸಲ, ನಡುವೆ ಬಿಡುವು ಕೊಟ್ಟು ಹಾಯಿಸಿದರೆ ಅಷ್ಟೂ ಬೇರಿಗಿಳಿಯುತ್ತದೆ. ಹುಲ್ಲಿಗೆ ಬಾಯಾರಿದೆಯೇ ಎಂದು ಕೇಳಲು ಯಂತ್ರ ಬೇಡ: ನಡೆದುಹೋದ ಮೇಲೆ ಹೆಜ್ಜೆಯ ಗುರುತು ಏಳದೆ ಹಾಗೇ ಉಳಿದರೆ ನೀರು ಬೇಕು ಎಂದರ್ಥ.

ಅಕ್ಟೋಬರ್ ಬಂತೆಂದರೆ ಬೀದಿಯ ಸದ್ದೇ ಬೇರೆ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಕೊಳವೆಯಲ್ಲಿ ಉಳಿದರೆ ಹಿತ್ತಾಳೆಯ ಕವಾಟವೂ ಸೀಳುತ್ತದೆ. ಹಾಗಾಗಿ ಮೊದಲ ಹಿಮ ಬೀಳುವ ಮುಂಚೆ ಟ್ರಕ್ಕಿನ ಹಿಂದೆ ಕಂಪ್ರೆಸರ್ ಕಟ್ಟಿಕೊಂಡು ಕೆಲಸಗಾರರು ಮನೆಮನೆಗೆ ಬರುತ್ತಾರೆ. ಒಂದೊಂದೇ ಪಾಳಿ ತೆರೆದು ಗಾಳಿ ನುಗ್ಗಿಸಿದಾಗ ತಲೆಗಳು ಮೊದಲು ನೀರು, ಆಮೇಲೆ ಬಿಳಿ ಮಂಜು, ಕೊನೆಗೆ ಬರೀ ಗಾಳಿ ಉಗುಳುತ್ತವೆ. ಒಣಗಿದ ಕೊಳವೆಗೆ ಗಾಳಿ ಊದುತ್ತಲೇ ಇದ್ದರೆ ಬಿಸಿಯೇರಿ ರೋಟರ್‌ನೊಳಗಿನ ಪ್ಲಾಸ್ಟಿಕ್ ಹಲ್ಲುಚಕ್ರಗಳು ಹಾಳು. ಮಂಜು ನಿಂತೊಡನೆ ನಿಲ್ಲಿಸಬೇಕು. ಮತ್ತೆ ನೀರು ಬಿಡುವುದು ವಸಂತದಲ್ಲಿ. ಆಗಲೂ ಮುಖ್ಯ ನಲ್ಲಿಯನ್ನು ನಿಧಾನ ತಿರುಗಿಸಬೇಕು, ಒಮ್ಮೆಲೇ ನುಗ್ಗಿದ ನೀರು ಕೀಲುಗಳನ್ನು ಒದೆಯುತ್ತದೆ.

ಊರಿಗೂ ಈಗ ನೀರಿನ ಲೆಕ್ಕದ ಬಿಸಿ ತಟ್ಟಿದೆ. ಬೇಸಿಗೆಯಲ್ಲಿ ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಹಾಯಿಸುವಂತಿಲ್ಲ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕೂಡದು ಎಂಬುದು ಡೆನ್ವರ್ ಜಲಸಂಸ್ಥೆಯ ಮಾಮೂಲಿ ನಿಯಮ. ಬರ ಬಂದರೆ ಇನ್ನೂ ಬಿಗಿ. ಕಡಿಮೆ ನೀರಿನ ತೋಟಗಾರಿಕೆಗೆ ‘ಝೆರಿಸ್ಕೇಪ್’ ಎಂದು ಹೆಸರಿಟ್ಟು 1981ರಲ್ಲೇ ಪ್ರಚಾರಕ್ಕೆ ತಂದದ್ದೂ ಅದೇ ಸಂಸ್ಥೆ. ಅಂಗಡಿ, ಕಚೇರಿಗಳ ಸುತ್ತ ನೋಟಕ್ಕಷ್ಟೇ ಇರುವ ಬ್ಲೂಗ್ರಾಸ್‌ನಂಥ ಹುಲ್ಲನ್ನು ಹೊಸದಾಗಿ ಹಾಕುವಂತಿಲ್ಲ ಎಂದು ಕೊಲೊರಾಡೊ ರಾಜ್ಯ 2024ರಲ್ಲಿ ಕಾನೂನು ಮಾಡಿತು. 2026ರ ಜನವರಿಯಿಂದ ಅದು ಜಾರಿಗೆ. ಮನೆಯಂಗಳಕ್ಕೆ ಆ ನಿರ್ಬಂಧವಿಲ್ಲ. ಅಲ್ಲಿ ನಿರ್ಧಾರ ಮನೆಯವರದೇ.

ಹುಲ್ಲು ಬೇಕೆನ್ನುವವರು ಮಕ್ಕಳು ಆಡುವಷ್ಟು ಜಾಗದಲ್ಲಿ ಇಟ್ಟುಕೊಳ್ಳಲಿ, ಉಳಿದೆಡೆ ಕಡಿಮೆ ನೀರಿನ ಗಿಡ ನೆಡಲಿ. ಡೆನ್ವರ್ ಇರಲಿ, ದೇವನಹಳ್ಳಿಯ ವಿಲ್ಲಾ ಇರಲಿ, ಸ್ಪ್ರಿಂಕ್ಲರ್ ಹಾಕಿಸಿದವರು ತಿಂಗಳಿಗೊಮ್ಮೆ ಹಗಲಲ್ಲಿ ಅದನ್ನು ಓಡಿಸಿ, ಒಂದು ಸುತ್ತು ನಡೆದು ನೋಡಿ. ಟೈಮರ್‌ಗೆ ಗೊತ್ತಿರುವುದು ಗಂಟೆ ಮಾತ್ರ. ಹುಲ್ಲಿನ ಬಾಯಾರಿಕೆ ನೋಡಬೇಕಾದವರು ನೀವೇ.