ಕಳವಿನ ಮನೆಯ ಹುಡುಗನಿಗೆ ಸಾಲಿಯ ಆಸೆ: ‘ಪಿಸ್ತುಲ್ಯಾ’ ತೋರಿಸುವ ಸಮಾಜ

ಸೊಲ್ಲಾಪುರ ಜಿಲ್ಲೆ ಕರಮಾಳಾ ತಾಲೂಕಿನ ಜೇವೂರಿನವರಾದ ನಾಗರಾಜ ಮಂಜುಳೆ ಅವರ ಹೆಸರು ಗಡಿಭಾಗದ ಜನರಿಗೆ ಹೊಸದಲ್ಲ. 2016ರಲ್ಲಿ ಅವರ ‘ಸೈರಾಟ್’ ಬಂದಾಗ ಇಲ್ಲಿಯ ಕನ್ನಡಿಗರೂ ಅದನ್ನು ಮರಾಠಿಯಲ್ಲೇ ನೋಡಿ ಮೆಚ್ಚಿದರು. ಮರುವರ್ಷ ಅದೇ ಕಥೆ ‘ಮನಸು ಮಲ್ಲಿಗೆ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂತು. ಆದರೆ ಮಂಜುಳೆ ಅವರ ಸಿನಿಮಾ ದಾರಿ ಶುರುವಾದದ್ದು ಒಂದು ವಿದ್ಯಾರ್ಥಿ ಚಿತ್ರದಿಂದ. ಅಹಮದನಗರದ (ಇಂದಿನ ಅಹಿಲ್ಯಾನಗರ) ಕಾಲೇಜಿನಲ್ಲಿ ಸಂವಹನ ವಿಷಯ ಓದುತ್ತಿದ್ದಾಗ ಅವರು ತೆಗೆದ ಕಿರುಚಿತ್ರ ‘ಪಿಸ್ತುಲ್ಯಾ’. 2010ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ, ಕಥಾಚಿತ್ರವಲ್ಲದ ವಿಭಾಗದಲ್ಲಿ, ನಿರ್ದೇಶಕರೊಬ್ಬರ ಅತ್ಯುತ್ತಮ ಚೊಚ್ಚಲ ಚಿತ್ರ ಎಂಬ ಗೌರವ ಅದಕ್ಕೆ ಸಿಕ್ಕಿತು.

ಕಥೆ ಸರಳ. ಪಿಸ್ತುಲ್ಯಾ ಎಂಬ ಹುಡುಗನಿಗೆ ಸಾಲಿಗೆ ಹೋಗುವ ಆಸೆ. ಆದರೆ ಬಡತನ ಮತ್ತು ಮನೆಯ ಪರಿಸ್ಥಿತಿ ಅವನನ್ನು ಕಳವಿನ ಕಡೆಗೆ ತಳ್ಳುತ್ತವೆ.

ಈ ಕಥೆಯ ಹಿಂದೆ ನೂರೈವತ್ತು ವರ್ಷಗಳ ಇತಿಹಾಸವಿದೆ. 1871ರಲ್ಲಿ ಬ್ರಿಟಿಷ್ ಸರಕಾರ ‘ಅಪರಾಧಿ ಬುಡಕಟ್ಟು’ ಕಾಯ್ದೆ ತಂದಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂತು. ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿ, ಪೊಲೀಸರ ಮುಂದೆ ಹಾಜರಿ ಹಾಕಿಸಲಾಯಿತು. ಪರವಾನಗಿ ಇಲ್ಲದೆ ಊರು ಬಿಡುವಂತಿರಲಿಲ್ಲ. ಸೊಲ್ಲಾಪುರದಲ್ಲೂ ಇಂಥವರನ್ನು ಕೂಡಿಹಾಕಿದ ‘ಸೆಟ್ಲ್‌ಮೆಂಟ್’ ಇತ್ತು. ಅಲ್ಲಿಯ ಜನ ಊರಿನ ಬಟ್ಟೆ ಗಿರಣಿಗಳಲ್ಲಿ ದುಡಿದರು. 1952ರಲ್ಲಿ ಕಾಯ್ದೆ ರದ್ದಾಯಿತು, ಈ ಸಮುದಾಯಗಳಿಗೆ ‘ವಿಮುಕ್ತ’ ಎಂಬ ಹೆಸರು ಬಂತು. ಆದರೆ ಊರಲ್ಲಿ ಏನಾದರೂ ಕಳುವಾದರೆ ಮೊದಲ ಸಂಶಯ ಊರಾಚೆಯ ಗುಡಿಸಲ ಮೇಲೆ ಬೀಳುವುದು ಮಾತ್ರ ನಿಲ್ಲಲಿಲ್ಲ. ಪಾರ್ಧಿ, ಹರಣಶಿಕಾರಿ, ಕೈಕಾಡಿ, ಕೊರಚ ಎಂಬ ಹೆಸರುಗಳ ಜೊತೆ ಗಡಿಯ ಎರಡೂ ಕಡೆ ಈ ಹಣೆಪಟ್ಟಿ ಇಂದಿಗೂ ಅಂಟಿಕೊಂಡಿದೆ.

ಹಾಗಾದರೆ ಕಳವನ್ನೇ ಕಥೆಯಾಗಿಸಿದರೆ ಹಳೆಯ ಹಣೆಪಟ್ಟಿಗೆ ಮತ್ತೊಂದು ಮೊಳೆ ಹೊಡೆದಂತಾಗುವುದಿಲ್ಲವೇ? ಇಲ್ಲಿಯೇ ‘ಪಿಸ್ತುಲ್ಯಾ’ ಬೇರೆಯಾಗುತ್ತದೆ. ಸಾಮಾನ್ಯ ಸಿನಿಮಾಗಳಲ್ಲಿ ಇಂಥವರು ಕಾಣಿಸಿಕೊಳ್ಳುವುದು ಎರಡೇ ಬಗೆಯಲ್ಲಿ: ಹೆದರಿಸಲು ಅಥವಾ ನಗಿಸಲು. ನೋಡುವ ಕಣ್ಣು ಊರಿನವರದ್ದು, ಗುಡಿಸಲು ದೂರದಲ್ಲಿ. ‘ಪಿಸ್ತುಲ್ಯಾ’ದಲ್ಲಿ ಕಥೆ ಹುಡುಗನ ಕಡೆಯಿಂದ ಸಾಗುತ್ತದೆ. ಕಳವು ರಕ್ತದಲ್ಲಿ ಬಂದ ಗುಣವಾಗಿದ್ದರೆ ಆ ಮಗುವಿಗೆ ಸಾಲಿಯ ಆಸೆ ಎಲ್ಲಿಂದ ಬಂತು? ಕಾಯ್ದೆಯ ಮಾತು ಸುಳ್ಳು ಎನ್ನಲು ಆ ಆಸೆಯೊಂದೇ ಸಾಕು. ಭಾಷಣದ ಅಗತ್ಯವೇ ಇಲ್ಲ.

ಇನ್ನೊಂದು ಅಂಶ ಭಾಷೆ. ಈ ಪುಟ್ಟ ಚಿತ್ರದಲ್ಲಿ ಮರಾಠಿಯ ಜೊತೆ ತೆಲುಗೂ ಇದೆ. ಮಂಜುಳೆ ವಡ್ಡರ ಸಮಾಜದಿಂದ ಬಂದವರು; ಆ ಸಮಾಜದ ಮನೆಮಾತು ತೆಲುಗಿನದೇ ಒಂದು ರೂಪ. 2013ರ ‘ಫಂಡ್ರಿ’ಯಲ್ಲೂ ಅವರು ಇದೇ ದಾರಿ ಹಿಡಿದರು. ಅಲ್ಲಿ ಹಂದಿ ಹಿಡಿಯುವ ಕೈಕಾಡಿ ಕುಟುಂಬ ತನ್ನೊಳಗೆ ಕೈಕಾಡಿ ಮಾತಾಡುತ್ತದೆ, ಊರಿನವರೊಂದಿಗೆ ಮರಾಠಿ. ಮನೆಯಲ್ಲೊಂದು ಮಾತು, ಕಚೇರಿಯಲ್ಲೊಂದು ಮಾತು ಆಡುವ ಅಕ್ಕಲಕೋಟ, ಜತ್ತ ಭಾಗದ ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮನೆಮಾತು ತೆರೆಯ ಮೇಲೆ ಬಂದಾಗ ಆ ಜನರಿಗೂ ಒಂದು ಸಂಸಾರವಿದೆ, ಅಕ್ಕರೆ-ಜಗಳಗಳಿವೆ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ.

ಮೂರನೆಯದು ನಟರ ಆಯ್ಕೆ. ಪಿಸ್ತುಲ್ಯಾ ಆಗಿ ಕಾಣಿಸಿಕೊಂಡ ಸೂರಜ್ ಪವಾರ್‌ಗೆ ಅದು ಮೊದಲ ಚಿತ್ರ. ಪಟ್ಟಣದ ಮಗುವಿನ ಮುಖಕ್ಕೆ ಮಸಿ ಬಳಿದು, ಹರಕು ಅಂಗಿ ತೊಡಿಸಿ ಬಡವನನ್ನಾಗಿ ಮಾಡುವ ರೂಢಿ ಇಲ್ಲಿಲ್ಲ. ಮುಂದೆ ‘ಫಂಡ್ರಿ’, ‘ಸೈರಾಟ್’ಗಳಲ್ಲೂ ಸೂರಜ್ ನಟಿಸಿದರು.

ಈಗ ಮೊಬೈಲ್ ಇದ್ದರೆ ಕಿರುಚಿತ್ರ ತೆಗೆಯಬಹುದು. ಗಡಿಭಾಗದ ಕಾಲೇಜುಗಳ ಹುಡುಗ ಹುಡುಗಿಯರೂ ತಮ್ಮ ಊರಿನ ಕಥೆ ಹೇಳಬಹುದು. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಕಥೆಯನ್ನು ನೋಡುತ್ತಿರುವ ಕಣ್ಣು ಯಾರದು? ಊರಾಚೆಯವರಿಗೆ ಅವರದೇ ಮಾತು ಕೊಟ್ಟಿದ್ದೇವೆಯೇ? ಅವರಿಗೂ ಒಂದು ಆಸೆ ಇದೆಯೆಂದು ತೋರಿಸಿದ್ದೇವೆಯೇ? ನೋಡುಗರೂ ಚಿತ್ರ ಮುಗಿದ ಮೇಲೆ ಇದೇ ಮೂರನ್ನು ಕೇಳಿದರೆ, ನಾಳೆ ಊರಲ್ಲಿ ಏನಾದರೂ ಕಳೆದಾಗ ಗುಡಿಸಲ ಕಡೆ ಬೆರಳು ತೋರಿಸುವ ಮುನ್ನ ಒಂದು ಕ್ಷಣವಾದರೂ ಕೈ ತಡೆದೀತು.