ಬಳ್ಳಾರಿ ಕುರಿಯ ಒರಟು ಉಣ್ಣೆಯೂ ಮಳೆಗಾಲದ ಕೊಪ್ಪೆಯೂ

ಬಳ್ಳಾರಿಯ ಹೆಸರನ್ನೆತ್ತಿದೊಡನೆ ಬೇಸಗೆಯ ಉರಿಬಿಸಿಲೂ ಕಾದ ಬಂಡೆಯ ಗುಡ್ಡಗಳೂ ಸ್ಮರಣೆಗೆ ಬರುವುದು ಸಹಜವಾದುದರಿಂದ, ಆ ಸೀಮೆಯಲ್ಲಿ ಮಳೆಯಿಂದ ತಲೆಯನ್ನು ಕಾಯ್ದುಕೊಳ್ಳುವ ವಿಚಾರವು ಹೊರಗಿನವರಿಗೆ ತುಸು ವಿಚಿತ್ರವಾಗಿ ತೋರಬಹುದು. ವರ್ಷವೊಂದಕ್ಕೆ ಅಲ್ಲಿ ಬೀಳುವ ಮಳೆಯಾದರೂ ಹೆಚ್ಚುಕಡಮೆ 500ರಿಂದ 600 ಮಿಲಿಮೀಟರುಗಳಷ್ಟೇ. ಆದರೆ ಆ ಅಲ್ಪವೃಷ್ಟಿಯು ಮಲೆನಾಡಿನ ಜಡಿಯಂತೆ ವಾರಗಟ್ಟಲೆ ಜಿನುಗುವುದಿಲ್ಲ. ಹುಬ್ಬೆ, ಉತ್ತರೆ, ಹಸ್ತೆಗಳ ಕಾಲದಲ್ಲಿ ಗಾಳಿಯೊಡನೆ ಬಂದು, ಕೆಲವೇ ಗಳಿಗೆಗಳಲ್ಲಿ ನೆಲವನ್ನು ಕೆಸರುಮಾಡಿ ಹೋಗುತ್ತದೆ. ಕುರುಗೋಡಿನ ಗುಡ್ಡಗಳಿಂದ ಸಿರುಗುಪ್ಪದ ತುಂಗಭದ್ರೆಯ ದಡದವರೆಗೆ ಹಬ್ಬಿರುವ ಎರೆಯ ಬಯಲಿನಲ್ಲಿ, ಮರದ ಆಸರೆಯೂ ವಿರಳವಾದೆಡೆ, ಹಿಂಡಿನ ಹಿಂದೆ ನಡೆಯುವ ಕುರುಬನಿಗೆ ಅಂಥ ಮಳೆಯಿಂದ ಓಡಿ ಪಾರಾಗುವ ದಾರಿಯಿಲ್ಲ. ಅವನ ತಲೆಯ ಮೇಲೆ ಹತ್ತಿಯ ರುಮಾಲೊಂದುಂಟು. ಬಿಸಿಲಿಗೆ ಅದರಂಥ ರಕ್ಷೆ ಬೇರಿಲ್ಲವಾದರೂ, ನೆನೆದಾಗ ಅದು ನೀರನ್ನೆಲ್ಲ ಹೀರಿ, ಭಾರವಾಗಿ ತಣ್ಣಗೆ ನೆತ್ತಿಗಂಟುತ್ತದೆ. ಆದುದರಿಂದ ಹೆಗಲ ಮೇಲಿನ ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ಅವನು ರುಮಾಲಿನ ಮೇಲೆ ಹಾಕಿಕೊಳ್ಳುವನು. ಈ ಕೊಪ್ಪೆಗೆ ಉಣ್ಣೆಯನ್ನೀಯುವ ಪ್ರಾಣಿಯೂ ಆ ಉಣ್ಣೆಯು ನೀರನ್ನು ತಡೆಯುವ ಬಗೆಯೂ ಈ ಲೇಖನದ ವಿಷಯ.

ನಮ್ಮ ದೇಶದ ಕುರಿತಳಿಗಳ ಪಟ್ಟಿಯಲ್ಲಿ ಬಳ್ಳಾರಿ ಎಂಬ ಹೆಸರಿನದೇ ಒಂದು ತಳಿಯಿದೆ. ದಖ್ಖನಿ ಕುರಿಗೆ ಹತ್ತಿರದ ಬಂಧುವಾದ ಇದು ಮಧ್ಯಮ ಗಾತ್ರದ ಪ್ರಾಣಿ. ಮೈಬಣ್ಣವು ಬಿಳಿಯಿಂದ ಕರಿಯವರೆಗೆ, ಎರಡರ ನಾನಾ ಮಿಶ್ರಣಗಳಲ್ಲಿ ಕಾಣುವುದು. ಕಿವಿಗಳು ಜೋಲು, ಬಾಲ ಗಿಡ್ಡ. ಟಗರುಗಳಲ್ಲಿ ಕೆಲವಕ್ಕೆ ಮಾತ್ರ ಕೊಂಬುಂಟು. ಹೆಣ್ಣುಕುರಿಗಳು ಸಾಮಾನ್ಯವಾಗಿ ಬೋಳುದಲೆಯವು. ಹೊಟ್ಟೆಯ ಕೆಳಭಾಗದಲ್ಲಿಯೂ ಕಾಲುಗಳಲ್ಲಿಯೂ ಉಣ್ಣೆ ಬೆಳೆಯದೆ ಇರುವುದರಿಂದ, ಕೆಸರಿನ ನೆಲದಲ್ಲಿ ಅಡ್ಡಾಡಿದರೂ ಒದ್ದೆಯ ಮುದ್ದೆಗಳು ಅಲ್ಲಿ ಜೋತುಬೀಳವು. ಬೆನ್ನು ಪಕ್ಕೆಗಳ ಮೇಲಿನ ಉಣ್ಣೆಯಾದರೋ ಒರಟು, ಬಿಡಿಬಿಡಿ, ಕೂದಲಿಗೆ ಸಮೀಪ. ಮೆರಿನೊ ಕುರಿಯ ಎಳೆಯ ದಪ್ಪ ಸುಮಾರು 20 ಮೈಕ್ರಾನ್ ಇದ್ದರೆ, ಇದರ ಎಳೆ ಸರಾಸರಿಯಲ್ಲಿ ಅದರ ಇಮ್ಮಡಿಯನ್ನೂ ಮೀರುತ್ತದೆ. ಇಂಥ ಅನೇಕ ಎಳೆಗಳ ನಡುವೆ ಗಾಳಿ ತುಂಬಿದ ಟೊಳ್ಳು ತಿರುಳೊಂದಿರುತ್ತದೆ. ನಯವಾದ ಸೂಟಿನ ಬಟ್ಟೆಯನ್ನು ನೇಯುವ ಗಿರಣಿಗೆ ಇದು ಕನಿಷ್ಠ ದರ್ಜೆಯ ಮಾಲು. ಮಳೆಯಲ್ಲಿ ನಿಲ್ಲುವವನಿಗೆ ಮಾತ್ರ ಈ ಲಕ್ಷಣಗಳೇ ಗುಣಗಳಾಗಿ ಪರಿಣಮಿಸುತ್ತವೆ.

ಉಣ್ಣೆಯ ಎಳೆಯೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ, ಅದರ ಹೊರಮೈಯಲ್ಲಿ ಮನೆಯ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಸರಿದು ಕುಳಿತ, ತುದಿಯ ಕಡೆಗೆ ಮುಖಮಾಡಿದ ಶಲ್ಕಗಳು ಕಾಣಿಸುತ್ತವೆ. ಈ ಶಲ್ಕಗಳ ಮೇಲೆ ಮೇದಾಮ್ಲದ ಅಣುಗಳು ರಾಸಾಯನಿಕ ಬಂಧನದಿಂದಲೇ ಅಂಟಿಕೊಂಡು, ಅತ್ಯಂತ ತೆಳುವಾದ ಒಂದು ಪದರವನ್ನು ರಚಿಸಿರುವುವು. ಮೇದಸ್ಸಿಗೂ ನೀರಿಗೂ ಸೇರದ ಕಾರಣ, ಅದರ ಮೇಲೆ ಬಿದ್ದ ಹನಿಯು ಹರಡಿಕೊಳ್ಳದೆ ಗುಂಡಗೆ ನಿಂತು, ಇಳಿಜಾರು ದೊರೆತೊಡನೆ ಉರುಳಿಹೋಗುತ್ತದೆ. ಇದಲ್ಲದೆ ಕುರಿಯ ಚರ್ಮದ ಗ್ರಂಥಿಗಳು ಸ್ರವಿಸುವ ಮೇಣದಂಥ ಜಿಡ್ಡು, ಅಂದರೆ ಲ್ಯಾನೊಲಿನ್, ಎಳೆಗಳಿಗೆ ಲೇಪವಾಗಿರುತ್ತದೆ. ನಮ್ಮ ಒರಟುಣ್ಣೆಯ ಕುರಿಗಳಲ್ಲಿ ಈ ಜಿಡ್ಡು ಮೆರಿನೊದಷ್ಟು ಸಮೃದ್ಧವಲ್ಲವಾದರೂ, ಸಾಬೂನಿಗೂ ಸೋಡಕ್ಕೂ ಒಡ್ಡದ ಹಳ್ಳಿಯ ಕಂಬಳಿಯಲ್ಲಿ ಅದರ ಅಂಶ ಉಳಿದುಕೊಂಡು ತನ್ನ ಪಾಲಿನ ಕೆಲಸವನ್ನು ಮಾಡುವುದು. ಕಂಬಳಿಯನ್ನು ಪದೇ ಪದೇ ಒಗೆಯಬಾರದೆಂಬ ಹಿರಿಯರ ಕಟ್ಟಳೆಯಲ್ಲಿ ಹೀಗೆ ರಸಾಯನಶಾಸ್ತ್ರದ ತಿಳಿವೊಂದು ಅಡಗಿದೆ.

ಹೊರಗೆ ನೀರನ್ನು ದೂಡುವ ಈ ಎಳೆ ಒಳಗೆ ನೀರಿನ ಆವಿಯನ್ನು ಪ್ರೀತಿಯಿಂದ ಬರಮಾಡಿಕೊಳ್ಳುತ್ತದೆಂಬುದು ಇನ್ನೂ ಆಶ್ಚರ್ಯದ ಸಂಗತಿ. ಎಳೆಯ ಒಡಲು ಕೆರಾಟಿನ್ ಎಂಬ ಪ್ರೋಟೀನಿನದು. ಹನಿಯನ್ನು ತಡೆಯುವ ಶಲ್ಕಗಳ ಸಂದಿಯಿಂದ ಆವಿಯ ಅಣುಗಳು ನುಸುಳಿ ಅದರೊಡನೆ ಕೂಡಿಕೊಳ್ಳಬಲ್ಲವು. ಶೇಕಡ 65ರ ಸಾಪೇಕ್ಷ ಆರ್ದ್ರತೆಯಲ್ಲಿ ಹತ್ತಿಯು ತನ್ನ ತೂಕದ ಶೇಕಡ 8ರಷ್ಟು ತೇವವನ್ನು ಹಿಡಿದರೆ, ಉಣ್ಣೆಯು ಸುಮಾರು 16ರಷ್ಟನ್ನು ಹಿಡಿಯುವುದು. ತೇವ ತುಂಬಿದ ಹವೆಯಲ್ಲಿ ತನ್ನ ತೂಕದ ಮೂರನೆಯ ಒಂದು ಪಾಲನ್ನು ಹೀರಿದ ಮೇಲೂ ಅದು ಕೈಗೆ ಒದ್ದೆಯೆನಿಸದು. ಹೀರುವ ಈ ಕ್ರಿಯೆಯಲ್ಲಿ ಒಂದಿಷ್ಟು ಶಾಖ ಹೊರಬೀಳುವುದರಿಂದ, ಮಳೆಗೆ ಸಿಕ್ಕಿದವನಿಗೆ ಕಂಬಳಿಯೊಳಗೆ ಬೆಚ್ಚನೆಯ ಅನುಭವವಾಗುವುದು ಬರಿಯ ಭ್ರಮೆಯಲ್ಲ. ಮೇಲಾಗಿ ಬೆವರಿನ ಆವಿಗೂ ಹೊರಹೋಗಲು ದಾರಿಯುಂಟು. ಪ್ಲಾಸ್ಟಿಕ್ ಹಾಳೆಯು ಹೊರಗಿನ ನೀರನ್ನು ಪೂರ್ತಿಯಾಗಿ ತಡೆದರೂ ಒಳಗಿನ ಬೆವರನ್ನು ಅಲ್ಲಿಯೇ ಹನಿಗೂಡಿಸಿ, ರುಮಾಲನ್ನು ಒಳಗಿನಿಂದ ನೆನೆಸಿಬಿಡುತ್ತದೆ.

ಎಳೆಯ ಈ ಗುಣಗಳನ್ನು ನೇಕಾರನ ಕೌಶಲವು ಮುಂದುವರಿಸುತ್ತದೆ. ಕತ್ತರಿಸಿದ ಉಣ್ಣೆಯನ್ನು ಹಿಂಜಿ, ಹೆಂಗಸರು ನೂತ ನೂಲನ್ನು ಹಾಸಾಗಿ ಚಾಚಿ, ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಅದಕ್ಕೆ ಕುಂಚದಿಂದ ಸವರಿ ಒಣಗಿಸುವರು. ಬಿಡಿಬಿಡಿಯಾದ ಒರಟೆಳೆಗಳು ಇದರಿಂದ ಒಂದಕ್ಕೊಂದು ಅಂಟಿ, ಕುಣಿಮಗ್ಗದ ಎಳೆತವನ್ನು ತಾಳುವಷ್ಟು ಬಿಗಿಯಾಗುವುವು. ಹೀಗೆ ಸಿದ್ಧವಾದ ಕಂಬಳಿಯ ಮೈಮೇಲೆ ಚುಚ್ಚುವ ರೋಮಗಳು ಎದ್ದು ನಿಂತಿರುತ್ತವೆ. ದಪ್ಪ ಮಳೆಹನಿಯೊಂದು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರು. ಆ ಹೊಡೆತವು ನೇರವಾಗಿ ನೇಯ್ಗೆಯ ರಂಧ್ರಕ್ಕೆ ತಾಗಿದರೆ ನೀರು ಒಳನುಗ್ಗುವುದು ಖಂಡಿತ. ರೋಮಗಳ ಪದರವು ಹನಿಯನ್ನು ಮೊದಲೇ ಒಡೆದು ಅದರ ವೇಗವನ್ನು ತಗ್ಗಿಸುತ್ತದೆ. ಕೊಪ್ಪೆಯ ಮಡಿಕೆಯು ನೆತ್ತಿಯ ಮೇಲೆ ಎರಡು ಪದರವಾಗಿ, ಚೂಪಾದ ತುದಿಯಿಂದ ಬೆನ್ನ ಕಡೆಗೆ ಕಡಿದಾಗಿ ಇಳಿಯುವುದರಿಂದ, ಒಡೆದ ನೀರು ನಿಲ್ಲಲು ಅವಕಾಶವಿಲ್ಲದೆ ಕೊರಳನ್ನು ತಪ್ಪಿಸಿ ಕೆಳಗೆ ಸುರಿಯುತ್ತದೆ.

ಹಾಗೆಂದು ಕಂಬಳಿಯು ಅಭೇದ್ಯ ಕವಚವೆಂದು ಭಾವಿಸತಕ್ಕುದಲ್ಲ. ಮಳೆ ಬಿಡದೆ ಗಂಟೆಗಟ್ಟಲೆ ಸುರಿದರೆ ರಂಧ್ರಗಳೆಲ್ಲ ನೀರಿನಿಂದ ತುಂಬಿ, ಅದು ಹೊರಲಾರದಷ್ಟು ತೂಕವಾಗುವುದು. ಸಿರುಗುಪ್ಪದ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿಮಾಡುವ ಹೆಂಗಸರು ಪ್ಲಾಸ್ಟಿಕ್ಕಿನ ಹಗುರವನ್ನು ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ನೆನೆದ ಉಣ್ಣೆಯ ಉಪಚಾರಕ್ಕೂ ಒಂದು ಕ್ರಮವುಂಟು. ತೇವ, ಶಾಖ, ಉಜ್ಜಾಟ ಈ ಮೂರೂ ಒಂದುಗೂಡಿದರೆ ಶಲ್ಕಗಳು ಪರಸ್ಪರ ಸಿಕ್ಕಿಕೊಂಡು ಬಟ್ಟೆಯು ಶಾಶ್ವತವಾಗಿ ಕುಗ್ಗುವುದು. ಆದುದರಿಂದ ಕಂಬಳಿಯಾಗಲಿ, ಉಣ್ಣೆಯ ಟೋಪಿಯಾಗಲಿ, ನೆನೆದಾಗ ಅದನ್ನು ಹಿಂಡದೆ, ಒಲೆಯ ಬದಿಗಿಡದೆ, ನೀರು ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಆಕಾರ ಕೆಡದಂತೆ ಒಣಗಿಸಬೇಕು. ಪೂರ್ಣ ಒಣಗದೆ ಮಡಿಸಿಟ್ಟಲ್ಲಿ ಬೂಷ್ಟು ಹಿಡಿಯುವುದು. ಕೆರಾಟಿನನ್ನೇ ಅರಗಿಸಿಕೊಳ್ಳಬಲ್ಲ ನುಸಿಯ ಮರಿಹುಳುಗಳು ಕತ್ತಲೆಯ ಮೂಲೆಯಲ್ಲಿ ಸೇರಿ ತೂತುಮಾಡುವುವು. ಆಗಾಗ ಬಿಡಿಸಿ ಕೊಡವಿ ಗಾಳಿಗೆ ಹಾಕುವುದೇ ಇದಕ್ಕೆ ಸುಲಭವಾದ ಪ್ರತೀಕಾರ.

ಇಂದು ಕುರಿಯನ್ನು ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ. ಒರಟುಣ್ಣೆಗೆ ದೊರೆಯುವ ಬೆಲೆಯು ಅನೇಕ ಸಲ ಕತ್ತರಿಸುವ ಕೂಲಿಗೂ ಸಾಲದು. ಉಣ್ಣೆಯ ಮೇಲ್ಮೆಯನ್ನು ನುಣುಪೊಂದರಿಂದಲೇ ಅಳೆಯುವ ಪದ್ಧತಿಯು ಮೆರಿನೊ ಸಾಕುವ ನಾಡುಗಳಿಗೆ ಉಚಿತವಾಗಿರಬಹುದು; ಬಯಲುಸೀಮೆಯ ಮಳೆಗೂ ಗಾಳಿಗೂ ಬೇಕಾದುದು ನುಣುಪಲ್ಲ, ತಾಳಿಕೆ. ಬಳ್ಳಾರಿಯ ಸಂತೆಯಲ್ಲಿ ಕೈಮಗ್ಗದ ಕಂಬಳಿಯನ್ನು ಕಂಡಾಗ, ಅದು ಚುಚ್ಚುತ್ತದೆಂದು ಬದಿಗೆ ಸರಿಸುವ ಮುನ್ನ, ಮಳೆಯನ್ನು ತಡೆಯುವುದು ಆ ಚುಚ್ಚುವ ರೋಮವೇ ಎಂಬುದನ್ನು ವಾಚಕರು ನೆನೆಯಬೇಕು. ಅನುಕೂಲವಿದ್ದವರು ಒಂದನ್ನು ಕೊಂಡರೆ, ಕುರುಬನಿಗೂ ನೇಕಾರನಿಗೂ ಅದೇ ನಿಜವಾದ ಪ್ರೋತ್ಸಾಹ.