ಹಬ್ಬದ ತಲೆಬಿಸಿಗೆ ಎಣ್ಣೆಸ್ನಾನ!
ದೀಪಾವಳಿ ಬಂತು. ಚೆಂಡುಹೂವಿನ ರೇಟು ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಸಾಲದ ಕಂತು, ಮಕ್ಕಳ ಬಟ್ಟೆ, ಮನೆ ತುಂಬ ನೆಂಟರು. ತಲೆ ಬಿಸಿಯಾಗದೆ ಇರುತ್ತಾ?

ನರಕ ಚತುರ್ದಶಿಯ ಎಣ್ಣೆಸ್ನಾನ, ಊಟ ಮುಗಿಯೋವರೆಗೆ ಮೊಬೈಲ್ ಅಟ್ಟದ ಮೇಲಿರಲಿ. ಪದೇ ಪದೇ ನೋಡಿದ್ರೆ ರೇಟು ಏರಲ್ಲ, ಬಿಪಿ ಏರುತ್ತೆ ಅಷ್ಟೆ!

ಖರ್ಚಿನ ಪಟ್ಟಿಯನ್ನು ಮನೆಯವರೆಲ್ಲ ಕೂತು ಬರೆಯಿರಿ. ನಾಲ್ವರು ಹಿಡಿದರೆ ಮೂಟೆ ಹಗುರ.

ಬಲಿಪಾಡ್ಯಮಿಗೆ ಹಸುವಿನ ಮೈ ತೊಳೆದು, ಉಳಿದ ಹೂವನ್ನು ಕೊರಳಿಗೆ ಕಟ್ಟಿ. ಅದಂತೂ ರೇಟು ಕೇಳಲ್ಲ!

ಹಬ್ಬ ಮುಗಿದರೂ ನಿದ್ದೆ ಬರ್ತಿಲ್ಲ, ಮನಸ್ಸು ಭಾರ ಅನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಬೆಳೆ ಬಾಡಿದಾಗ ಸಲಹೆ ಕೇಳ್ತೀರಲ್ವಾ? ಮನಸ್ಸು ಬಾಡಿದಾಗಲೂ ಕೇಳಿ. ಅದರಲ್ಲಿ ನಾಚಿಕೆ ಏನಿಲ್ಲ.